ಹೊನ್ನವ್ವ ಕುಂತಲ್ಲಿ

ಹದಿಮೂರನೆಯ ತಿಂಗಳ ಮೂವತ್ತೆರಡನೆಯ ತಾರೀಖು, ೨೪೧೯

ಹಳೆಯ ಕಾಲದ ಮಹಾಜನರೇ, ಅದರಲ್ಲೂ ಪ್ರಾಸ ಸಿಕ್ಕರೆ ಊಟ ಮರೆಯುವ ಪದವೀಧರರೇ,

ನಾನೂರು ವರ್ಷ ಮುಂದಿನಿಂದ ನಿಮಗೆ ನಮಸ್ಕಾರ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮದು ನಮಗೆ ಅದಕ್ಕಿಂತ ವಿಚಿತ್ರವಾಗಿದೆ, ಆದರೂ ನಾವು ದೂರು ಕೊಟ್ಟಿಲ್ಲ.

ನಮ್ಮಲ್ಲಿ ಪುಟ್ಟ ಮಕ್ಕಳು ‘ಚಿಣ್ಣಗೂಡಿ’ಗೆ ಹೋಗುತ್ತಾರೆ. ನೀವು ಅಂಗನವಾಡಿ ಎನ್ನುತ್ತಿದ್ದ ಜಾಗವೇ ಅದು. ಗೋಡೆಗಳು ಮಾತ್ರ ಈಗ ಮಕ್ಕಳು ಒರಗಿದ ಕಡೆ ಮೆತ್ತಗಾಗುತ್ತವೆ. ಉಪ್ಪಿಟ್ಟು ಬಾಯಿ ಸುಡದಷ್ಟು ಆರಿ ತಾನೇ ತಟ್ಟೆಗೆ ಇಳಿಯುತ್ತದೆ. ಮೂಗು ಒರೆಸಲು ‘ಸೆರಗಿ’ ಎಂಬ ಯಂತ್ರವಿದೆ, ಆದರೆ ಮಕ್ಕಳು ಇನ್ನೂ ಪಕ್ಕದವರ ಅಂಗಿಗೇ ಒರೆಸುತ್ತಾರೆ. ಪ್ರಗತಿಗೂ ಒಂದು ಮಿತಿಯಿದೆ.

ನಿಮ್ಮ ಕಾಲದ ಗ್ರಂಥಗಳು ಒಂದೂ ಉಳಿದಿಲ್ಲ. ಉಳಿದದ್ದು ಒಂದು ಹಾಡು. ಬೆಳಗಾದರೆ ಎಲ್ಲ ಗೂಡಿಗಳಲ್ಲೂ ಮಕ್ಕಳು ಅದನ್ನು ಹಾಡುತ್ತಾರೆ:

ಹೊನ್ನವ್ವ ಕುಂತಲ್ಲಿ ಕೆರಿ ತುಂಬೇತಿ,
ಕೊಡ ಹಿಡಕೊಂಡು ಓಣಿ ನಿಂತೇತಿ.

ಹೊನ್ನವ್ವ ಕೆರೆ ಕಟ್ಟಿಸಿದ ರಾಣಿಯೆಂದು ನಮ್ಮ ವಿದ್ವಾಂಸರು ಸಾಧಿಸಿದ್ದಾರೆ. ಚೌಕದಲ್ಲಿ ಅವಳ ಕಂಚಿನ ಮೂರ್ತಿಯಿದೆ. ಸಿಂಹಾಸನದ ಮೇಲೆ, ಕಾಲು ಇಳಿಬಿಟ್ಟು, ನೆಮ್ಮದಿಯಾಗಿ ಕುಳಿತಿದ್ದಾಳೆ. ಆ ದಾರಿಯಲ್ಲಿ ನಾನು ಓಡಾಡುವುದಿಲ್ಲ.

ಏಕೆಂದರೆ ಹೊನ್ನವ್ವ ರಾಣಿಯಲ್ಲ. ಗದಗಿನ ಒಂದು ಓಣಿಯ ಅಂಗನವಾಡಿಗೆ ಬರುತ್ತಿದ್ದ ಮೂರೂವರೆ ವರ್ಷದ ಹುಡುಗಿ. ಕಾಲೇಜಿನ ಸೇವಾ ಶಿಬಿರದಿಂದ ಅಲ್ಲಿಗೆ ಒಬ್ಬ ವಿದ್ಯಾರ್ಥಿ ಬಂದ, ಮಕ್ಕಳನ್ನು ಆಡಿಸಲು. ಅವನಿಗೆ ಆಟ ಬರುತ್ತಿರಲಿಲ್ಲ, ಪ್ರಾಸ ಬರುತ್ತಿತ್ತು. ಒಂದೊಂದು ಮಗುವಿಗೂ ಒಂದೊಂದು ಹಾಡು ಕಟ್ಟಿದ. ಒಂದು ದಿನ ಹೊನ್ನವ್ವ ಕುಳಿತಲ್ಲೇ ಒದ್ದೆ ಮಾಡಿಕೊಂಡಳು. ಓಣಿಯ ನಲ್ಲಿಗೆ ವಾರಗಟ್ಟಲೆ ನೀರು ಬಾರದ ದಿನಗಳವು. ಹಾಡು ತಾನಾಗಿ ಬಂತು. ಟೀಚರ್ ಗಿರಿಜಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಆಮೇಲೆ ಸಾಕು ಬಿಡೋ ತಮ್ಮಾ ಅಂದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಹೊನ್ನವ್ವನೇ. ಹಾಡಿನಲ್ಲಿ ತನ್ನ ಹೆಸರಿತ್ತಲ್ಲ.

ಓಣಿಯ ದೊಡ್ಡ ಹುಡುಗರು ಅವಳಿಗೆ ಅರ್ಥ ಬಿಡಿಸಿ ಹೇಳಿದರು. ಮರುದಿನದಿಂದ ಅವಳು ಕೂರಲಿಲ್ಲ. ಚಾಪೆ ಹಾಸಿದರೂ ನಿಂತಳು, ನಿಂತೇ ಉಂಡಳು, ಉಳಿದವರು ಮಲಗಿದಾಗ ಗೋಡೆಗೆ ಒರಗಿ ನಿಂತು ತೂಕಡಿಸಿದಳು. ಆ ಗೋಡೆ ಮೆತ್ತಗಾಗುವಂಥದ್ದಲ್ಲ. ವಿದ್ಯಾರ್ಥಿ ರಮಿಸಿ ಕರೆದ.

“ನಾ ಕುಂದ್ರಂಗಿಲ್ರಿ ಸರ,” ಅಂದಳು. “ಕುಂತ್ರ ಹಾಡ್ತಾರ.”

ಅವನು ಹೂವು, ಹಾಲು, ಹಂಸ ಎಲ್ಲ ಸೇರಿಸಿ ಹೊನ್ನವ್ವನಿಗೆ ಬೇರೆ ಹಾಡು ಕಟ್ಟಿದ. ಯಾರೂ ಹಾಡಲಿಲ್ಲ. ಮೊದಲಿನದೇ ಚೆನ್ನಾಗಿತ್ತು. ಶಿಬಿರ ಮುಗಿದ ದಿನ ಅವನಿಗೆ ಶಾಲು ಹೊದಿಸುವಾಗ ಮಕ್ಕಳು ಅದನ್ನೇ ಹಾಡಿದರು. ಹೊನ್ನವ್ವ ಬಾಗಿಲ ಹತ್ತಿರ ನಿಂತಿದ್ದಳು. ಅವನು ತಾಳ ಹಾಕಿದ.

ಆದ್ದರಿಂದ ಮಹಾಜನರೇ, ಭವಿಷ್ಯದ ಪರವಾಗಿ ನಮ್ಮದೊಂದು ವಿನಂತಿ. ಈ ಹಾಡನ್ನು ನಮ್ಮ ಕಡೆಗೆ ಕಳಿಸಬೇಡಿ. ನಿಮ್ಮಲ್ಲೇ ಅದನ್ನು ಯಾರಾದರೂ

ಸಾಕು. ಇದು ೨೪೧೯ ಅಲ್ಲ. ಮೂರ್ತಿಯೂ ಇಲ್ಲ, ಸಿಂಹಾಸನವೂ ಇಲ್ಲ. ನಾನು ಅದೇ ಓಣಿಯ ಶಾಲೆಗೆ ಈ ವರ್ಷ ವರ್ಗವಾಗಿ ಬಂದ ಹೆಡ್‌ಮಾಸ್ತರ. ನಿನ್ನೆ ಹೊನ್ನವ್ವ ತನ್ನ ಮಗಳನ್ನು ಒಂದನೆಯ ತರಗತಿಗೆ ಸೇರಿಸಲು ಬಂದಿದ್ದಳು. ನನ್ನ ಗುರುತು ಅವಳಿಗೆ ಹತ್ತಲಿಲ್ಲ. ಕುರ್ಚಿ ತೋರಿಸಿದೆ. ಇರ್ಲಿ ಬಿಡ್ರಿ ಸರ, ನಿಂತ ರೂಢಿ ಐತಿ ಅಂದಳು. ಹೊರಗೆ ಅಂಗಳದಲ್ಲಿ ಹುಡುಗಿಯರು ಹಗ್ಗ ಜಿಗಿಯುತ್ತ ಅದನ್ನೇ ಹಾಡುತ್ತಿದ್ದರು. ಅವಳ ಮಗಳು ಕಿಟಕಿಗೆ ಓಡಿಹೋಗಿ ಚಪ್ಪಾಳೆ ತಟ್ಟಿದಳು. ಹಾಡಿನಲ್ಲಿ ಅವ್ವನ ಹೆಸರಿತ್ತಲ್ಲ.

ಕಟ್ಟಿದವನು ನಾನು, ಹೊನ್ನವ್ವ. ನಿನ್ನೆಯೂ ಹೇಳಲಿಲ್ಲ.