ಅವ್ವನಿಗೆ ಅಲೌ ಇಲ್ಲವಂತೆ

ದಾಂಡೇಲಿಯ ಗೇಟು ಬಿಟ್ಟು ದೂರ ಹೋದ ನನ್ನ ಅಪ್ಪನಿಗೆ,

ನೆನಪಿದೆಯಾ, ಊಟದ ಡಬ್ಬಿ ತಂದರೆ, ಗೇಟು ಕಾಯುತ್ತಿದ್ದ ನೀನು ನನ್ನನ್ನೂ ಕಾಗದ ಕಾರ್ಖಾನೆಯ ಗೇಟಿನಲ್ಲೇ ನಿಲ್ಲಿಸುತ್ತಿದ್ದೆ. "ಒಳಗ ಅಲೌ ಇಲ್ಲವ್ವಾ." ಪಾಸಿಲ್ಲದವರಿಗೂ ಅದೇ, ಜೇಬಿನಲ್ಲಿ ಬೀಡಿ ಇಟ್ಟುಕೊಂಡವರಿಗೂ ಅದೇ. ಯಾಕೆ ಎಂದು ಕೇಳಿದರೆ ಮಾತ್ರ ನಿಂತು ಕಾರಣ ಹೇಳುತ್ತಿದ್ದೆ. ಮನೆಯಲ್ಲಂತೂ ಆ ಮಾತನ್ನು ನಿನ್ನ ಬಾಯಲ್ಲಿ ಒಮ್ಮೆಯೂ ಕೇಳಲಿಲ್ಲ. ಸೈಕಲ್ ಕಲಿಯುತ್ತೇನೆಂದಾಗ ಸೀಟು ಹಿಡಿದುಕೊಂಡು ಹಿಂದೆಯೇ ಓಡಿ ಬಂದವನು ನೀನು.

ಈಗ ಆ ಮಾತು ಎಲ್ಲಿಲ್ಲ ಹೇಳು? ಬಸ್ಸಿನಲ್ಲಿ ಚೀಲ ಅಲೌ ಇಲ್ಲ, ಆಸ್ಪತ್ರೆಯಲ್ಲಿ ಇಬ್ಬರು ಅಲೌ ಇಲ್ಲ, ಗಣೇಶಗುಡಿಯಲ್ಲಿ ಹೊಳೆಗೆ ಇಳಿಯುವುದು ಅಲೌ ಇಲ್ಲ. ಅಲೌ ಐತಿ ಬರ್ರಿ ಎಂದು ತಾವಾಗಿ ಕರೆದವರನ್ನು ನಾನಂತೂ ಕಂಡಿಲ್ಲ. "ನಾನು ಬಿಡುವುದಿಲ್ಲ" ಎಂದು ಯಾರಾದರೂ ಅಂದರೆ ಜಗಳಕ್ಕೆ ನಿಲ್ಲಬೇಕಾಗುತ್ತದೆ. ಅಲೌ ಇಲ್ಲ ಎಂದುಬಿಟ್ಟರೆ ಆಯಿತು, ಹೇಳಿದವರ ಮೈಗೆ ಏನೂ ಅಂಟುವುದಿಲ್ಲ.

ನಾನು ಏಳು ತಿಂಗಳ ಬಸುರಿ ಎಂದು ಹಳಿಯಾಳದ ನನ್ನ ಗಂಡನ ಮನೆಯಲ್ಲಿ ಕುಬಸ ಇಟ್ಟುಕೊಂಡಿದ್ದರು. ಅವ್ವ ಹಸಿರು ಸೀರೆ, ಕೊಬ್ಬರಿ, ಉತ್ತತ್ತಿ, ಬುಟ್ಟಿ ತುಂಬ ಹೋಳಿಗೆ ಹೊತ್ತು ಈಗ ತಾನಿರುವ ಚಿಗಳ್ಳಿಯಿಂದ ಬಂದಿದ್ದಳು. ನಾನು ಮಣೆಯ ಮೇಲೆ ಕೂತೆ. ಉಡಿ ತುಂಬಲು ಓಣಿಯ ಮುತ್ತೈದೆಯರೆಲ್ಲ ಬಂದರು, ಅವ್ವನ ಸುಳಿವೇ ಇಲ್ಲ. ನೋಡಿದರೆ ಅಡುಗೆಮನೆಯ ಗೋಡೆಗೆ ಒರಗಿ ನಿಂತಿದ್ದಾಳೆ. ಕರೆದೆ. ನಿನ್ನ ತಂಗಿ ಅಡ್ಡ ಬಂದಳು.

"ಗಂಡ ಸತ್ತಾಕಿ ಉಡಿ ತುಂಬೂದು ಅಲೌ ಇಲ್ಲವ್ವಾ."

ಮೈಯೆಲ್ಲ ಉರಿದುಹೋಯಿತು. ಯಾರು ಅಲೌ ಮಾಡಿಲ್ಲ ಎಂದು ಕೇಳಿದೆ. ಹಿರಿಯರು ಅಂದಳು. ಯಾವ ಹಿರಿಯರು, ನೀನೇನಾ ಎಂದೆ. ನನಗ್ಯಾಕ ಕೇಳ್ತಿ, ಮಂದಿ ಏನಂತಾರ ಎಂದಳು. ಮಂದಿ ನೆಲ ನೋಡುತ್ತಾ ಕೂತಿದ್ದರು. ಕೊನೆಗೆ, ಅಣ್ಣ ಇದ್ದಿದ್ದರೆ ಅವನೂ ಒಪ್ಪುತ್ತಿರಲಿಲ್ಲ ಎಂದು ನಿನ್ನನ್ನೇ ಎಳೆದು ತಂದಳು. ಅಪ್ಪಾ, ಸತ್ತವನು ನೀನು. ಶಿಕ್ಷೆ ಅವ್ವನಿಗೆ ಯಾಕೆ? ನೀನು ಬದುಕಿದ್ದಾಗ ಅವಳನ್ನು ಯಾವುದಕ್ಕೂ ತಡೆದವನಲ್ಲ.

ಅವ್ವನೇ ಒಳಗಿನಿಂದ ಮೆಲ್ಲಗೆ, ನನ್ನ ನೆರಳು ಬ್ಯಾಡವ್ವಾ, ನಿನ್ನ ಕೂಸಿಗೆ ಏನರ ಆದ್ರ ಅಂದಳು. ನಿನ್ನ ತಂಗಿಯ ಮಾತಿಗೆ ಸಿಟ್ಟು ಬಂದಿತ್ತು, ಅವ್ವನ ಮಾತಿಗೆ ಅಳು ಬಂತು. ಮಣೆ ಬಿಟ್ಟು ಎದ್ದೆ. ಹೊಟ್ಟೆ ಹೊತ್ತುಕೊಂಡು ಅಡುಗೆಮನೆಗೆ ಹೋಗಿ ಅವಳ ಮುಂದೆ ನೆಲದ ಮೇಲೇ ಕೂತು ಸೆರಗು ಒಡ್ಡಿದೆ.

"ನೀ ತುಂಬಲಿಲ್ಲಂದ್ರ ಯಾರೂ ತುಂಬೂದು ಬ್ಯಾಡ. ಬರೇ ಉಡೀಲೇ ಹಡೀತೇನಿ."

ನನ್ನ ಗಂಡನ ತಾಯಿ ಅಕ್ಕಿಯ ತಟ್ಟೆ ತಂದು ಅವ್ವನ ಮುಂದಿಟ್ಟರು. ಅವ್ವ ಕಣ್ಣು ಮುಚ್ಚಿಕೊಂಡೇ ಸುರಿದಳು, ಅರ್ಧ ಅಕ್ಕಿ ನೆಲಕ್ಕೆ ಬಿತ್ತು, ಅರ್ಧ ನನ್ನ ಉಡಿಗೆ. ಆಮೇಲೆ ಮುತ್ತೈದೆಯರೆಲ್ಲ ಒಬ್ಬೊಬ್ಬರಾಗಿ ಒಲೆಯ ಪಕ್ಕಕ್ಕೇ ಬಂದು ಉಡಿ ತುಂಬಬೇಕಾಯಿತು. ನಿನ್ನ ತಂಗಿ ಮುಖ ಉಬ್ಬಿಸಿಕೊಂಡಿದ್ದಳು, ಹೋಳಿಗೆ ಮಾತ್ರ ಬಿಡಲಿಲ್ಲ.

ಹೆರಿಗೆಯಾಗುವವರೆಗೂ ಕೂಸಿಗೆ ಏನಾದೀತೋ ಎಂದು ಅವ್ವ ಸರಿಯಾಗಿ ಉಣ್ಣಲಿಲ್ಲ. ನನಗೂ ಒಳಗೊಳಗೇ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಾಗಂತ ಹಿಂದೆ ಸರಿಯುತ್ತಿದ್ದೆನಾ? ಇಲ್ಲ. ಮುಂದೆಯೂ ಸರಿಯುವುದಿಲ್ಲ.

ಮೊನ್ನೆ ಮುಂಡಗೋಡದ ಆಸ್ಪತ್ರೆಯಲ್ಲಿ ಹೆಣ್ಣು ಹುಟ್ಟಿತು, ಅಪ್ಪಾ. ಭಾರೀ ಗಂಟಲು ಅದರದು. ನರ್ಸ್ ಹೊರಗೆ ಬಂದು ಕೂಸನ್ನು ಯಾರ ಕೈಗೆ ಕೊಡಲಿ ಎಂದು ಕೇಳಿದಳಂತೆ. ನಿನ್ನ ತಂಗಿಯೂ ಅಲ್ಲೇ ಇದ್ದಳು. ಅವ್ವ ಎಲ್ಲರನ್ನೂ ಸರಿಸಿ ಮುಂದೆ ಬಂದು, "ನನ್ನ ಕೈಯಾಗ ಕೊಡ್ರಿ" ಅಂದಳಂತೆ. ಯಾರ ಮುಖವನ್ನೂ ನೋಡಲಿಲ್ಲವಂತೆ.