ಹದಿನಾಲ್ಕು ಸುತ್ತು

ಬುಧವಾರ, ಮಾರ್ಚ್ ೧೧

ಮೇಷ್ಟ್ರೇ,

ನಮಸ್ಕಾರ. ಬೇರೆಯಾದ ಈ ಒಂದೂವರೆ ವರ್ಷದಲ್ಲಿ ನಾವು ಬರೆದುಕೊಂಡಿದ್ದು ಬೀರುವಿನ ಬೀಗದಕೈ ಎಲ್ಲಿದೆ, ನಿಮ್ಮ ಕನ್ನಡಕದ ಚೀಟಿ ಯಾವ ಡ್ರಾಯರಿನಲ್ಲಿದೆ ಎಂಬುದಷ್ಟೇ. ಲಕೋಟೆಯ ದಪ್ಪ ನೋಡಿ ಗಾಬರಿಯಾಗಬೇಡಿ, ವಕೀಲರ ಕಾಗದವಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಮೂರನೆಯ ವಾಕ್ಯ ಮುಗಿಸುವ ಮೊದಲೇ ನೀವು ಉತ್ತರ ಕೊಡಲು ಶುರುಮಾಡುತ್ತೀರಿ.

ವಿಷಯ ಇಷ್ಟು. ನಿಮ್ಮ ಪುಸ್ತಕದ ಮೂರನೆಯ ಅಧ್ಯಾಯ ತಪ್ಪು. ಸೋಮವಾರ ಅದು ಅಚ್ಚಿಗೆ ಹೋಗುವ ಮೊದಲು ನಿಲ್ಲಿಸಬೇಕು.

ಹೋದ ತಿಂಗಳು ನನ್ನ ಪಾಡ್‌ಕಾಸ್ಟಿನಲ್ಲಿ ಹೇಳಿದ್ದು ಆ ಅಧ್ಯಾಯದ ಕಥೆಯನ್ನೇ. ನಿಮ್ಮ ಟಿಪ್ಪಣಿ ಬಳಸಲೇ ಎಂದು ಕೇಳಿದಾಗ, "ಹಾಕ್ಕೋ, ಕೇಳೋರು ಯಾರಿದ್ದಾರೆ? ಈರುಳ್ಳಿ ಹೆಚ್ಚುತ್ತಾ ಕೇಳೋ ಇತಿಹಾಸ ನಿಂದು" ಎಂದಿದ್ದಿರಿ. ಕೇಳಿದವರು ನಾನೂರ ಹನ್ನೆರಡು ಜನ. ಅರವತ್ತು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ಗಿರಣಿಯ ಸಾಲುಮನೆಗಳಿಗೆ ಹನ್ನೊಂದು ದಿನ ನೀರು ನಿಲ್ಲಿಸಿದರು, ಅಧಿಕಾರಿಗಳ ಬಡಾವಣೆಯ ತೋಟ ಒಣಗದಿರಲೆಂದು ಎಂಜಿನಿಯರ್ ಆದೇಶ ಕೊಟ್ಟರು, ವಾಲ್ವ್ ನೋಡಿಕೊಳ್ಳುವವನು ಮರುಮಾತಿಲ್ಲದೆ ತಿರುಗಿಸಿದ ಎಂದೆಲ್ಲ ಹೇಳಿದೆ. ಕೊನೆಯಲ್ಲಿ, "ಆ ಕೈ ಒಂದು ಕ್ಷಣವೂ ತಡೆಯಲಿಲ್ಲ" ಎಂದೂ ಸೇರಿಸಿದೆ. ಆ ವಾಕ್ಯ ನಿಮ್ಮದಲ್ಲ, ನನ್ನದು. ಚೆನ್ನಾಗಿ ಬಂತು ಎಂದು ಎರಡು ಸಲ ಕೇಳಿಸಿಕೊಂಡೆ ಕೂಡ.

ನಾಲ್ಕು ದಿನದ ಮೇಲೆ ಪಾಡ್‌ಕಾಸ್ಟಿನ ಬ್ಲಾಗಿನ ಕೆಳಗೆ ಒಂದು ಪ್ರತಿಕ್ರಿಯೆ ಬಂತು: "ತಪ್ಪು ಹೇಳಿದ್ದೀರಿ. ಆ ಕೈ ನಮ್ಮ ತಾತಂದು. ವಾಲ್ವ್ ಹತ್ರ ಬನ್ನಿ, ತೋರಿಸ್ತೀನಿ." ಜೊತೆಗೆ ಫೋನ್ ನಂಬರು.

ಹೋದೆ. ಬರೆದವರೂ ತಾತನಂತೆ ನೀರು ಬಿಡುವ ಕೆಲಸ ಮಾಡಿ ನಿವೃತ್ತರಾದವರು, ಅರವತ್ತರ ಆಸುಪಾಸು. ಅವರ ತಾಯಿಗೆ ಎಂಬತ್ತು ದಾಟಿದೆ. ಆಕೆ ಬಟಾಣಿ ಬಿಡಿಸುತ್ತಾ ಕುಳಿತಿದ್ದಾಗ ಮೊಮ್ಮಗಳು ನನ್ನ ಕಂತು ಹಾಕಿದಳಂತೆ. ಮಾವನ, ಅಂದರೆ ಆ ತಾತನ, ಸುದ್ದಿ ಬಂದಾಗ, "ಆರಿಸೇ ಅದನ್ನ" ಎಂದು ಒಳಗೆ ಹೋದವರು ಈ ಮೂರು ವಾರ ಮೊಮ್ಮಗಳ ಫೋನಿರುವ ಕೋಣೆಯಲ್ಲಿ ಕೂರುವುದಿಲ್ಲವಂತೆ.

ರಸ್ತೆಯ ತಿರುವಿನಲ್ಲಿ ಆ ವಾಲ್ವಿನ ಗುಂಡಿ ಇನ್ನೂ ಇದೆ. ಅದೇ ವಾಲ್ವು, ಈಗ ಬಳಕೆಯಲ್ಲಿಲ್ಲ. ನೀವು ಅಧ್ಯಾಯಕ್ಕೆ ಆಧಾರ ಮಾಡಿಕೊಂಡ ವಾಲ್ವ್ ರಿಜಿಸ್ಟರಿನ ಫೋಟೋ ತೋರಿಸಿದೆ. ಸಾಲುಮನೆಗಳ ಹೆಸರಿನ ಮುಂದೆ ಎಂದಿನ ದಿನಗಳಲ್ಲಿ ಮೂರು ಸುತ್ತು, ಆ ಹನ್ನೊಂದು ದಿನ ಮಾತ್ರ ಹದಿನಾಲ್ಕು. ಮೂರು ಸುತ್ತು ಮುಚ್ಚುತ್ತಿದ್ದವರು ಹದಿನಾಲ್ಕೂ ಸುತ್ತು ಮುಚ್ಚಿಬಿಟ್ಟರು ಎಂದಲ್ಲವೇ ನಾವು ಓದಿದ್ದು? ಅವರು ನನ್ನನ್ನು ಕರುಣೆಯಿಂದ ನೋಡಿದರು.

"ಮುಚ್ಚಿದ್ದನ್ನ ಯಾರಮ್ಮ ಬರೀತಾರೆ? ಮೊದಲು ಪೂರ್ತಿ ಮುಚ್ಚೋದು. ಅಲ್ಲಿಂದ ಎಷ್ಟು ಸುತ್ತು ಬಿಚ್ಚಿದ್ವೋ ಅಷ್ಟು ಬರೆಯೋದು. ಮುಚ್ಚಿದ್ರೆ ಸೊನ್ನೆ. ಹದಿನಾಲ್ಕು ಅಂದ್ರೆ ಬಾಯಿ ಪೂರ್ತಿ ತೆಗೆದಂಗೆ."

ಉದ್ದನೆಯ ಕಬ್ಬಿಣದ ಕೀಲಿ ಕೊಟ್ಟು ನನ್ನಿಂದಲೇ ತಿರುಗಿಸಿದರು. ತುಕ್ಕು ಹಿಡಿದಿತ್ತು. ಎಂಟನೆಯ ಸುತ್ತಿಗೆ ನನ್ನ ಭುಜ ಬಿದ್ದುಹೋಯಿತು, ಉಳಿದಿದ್ದನ್ನು ಅವರು ತಿರುಗಿಸಿದರು. ಸರಿಯಾಗಿ ಹದಿನಾಲ್ಕಕ್ಕೆ ನಿಂತಿತು.

ಮನೆಗೆ ಬಂದು ಅದೇ ರಿಜಿಸ್ಟರಿನಲ್ಲಿ ಊರಿನ ನೀರಿನ ತೊಟ್ಟಿಯ ಮಟ್ಟ ಬರೆದ ಪುಟ ತೆಗೆದೆ. ಆ ಹನ್ನೊಂದು ದಿನ ತೊಟ್ಟಿ ಎಂದಿಗಿಂತ ಬೇಗ ಖಾಲಿಯಾಗಿದೆ. ನೀವು ಅಡಿಟಿಪ್ಪಣಿಯಲ್ಲಿ "ಬಹುಶಃ ಸೋರಿಕೆ" ಎಂದು ಬರೆದಿರಿ, ನಾನು ಟೈಪ್ ಮಾಡಿದೆ. ಸೋರಿಕೆಯಲ್ಲ. ಮುಚ್ಚು ಎಂಬ ಆದೇಶ ಜೇಬಿನಲ್ಲಿಟ್ಟುಕೊಂಡು ಆ ಮನುಷ್ಯ ಪೂರ್ತಿ ತೆರೆದು, ತೆರೆದಿದ್ದನ್ನು ಇದ್ದಂತೆಯೇ ಬರೆದರು. ಹೊಸದಾಗಿ ಬಂದಿದ್ದ ಎಂಜಿನಿಯರ್ ಪ್ರತಿ ಸಾಲಿನ ಕೆಳಗೂ ರುಜು ಹಾಕಿದ್ದಾರೆ. ಎಂದೂ ವಾಲ್ವ್ ಮುಟ್ಟದವರು ಆ ಅಂಕಿಯನ್ನು ಹೇಗೆ ಓದಿದರೋ ನಾವೂ ಹಾಗೇ ಓದಿದೆವು.

ನಿಮಗೆ ಇದು ಎಷ್ಟು ಕಷ್ಟ ಎಂದು ಗೊತ್ತು. ತಪ್ಪಾಗಬಾರದೆಂದೇ ಇಪ್ಪತ್ತೆರಡು ವರ್ಷ ಈ ಪುಸ್ತಕವನ್ನು ಕೈಬಿಡದೆ ಹಿಡಿದಿದ್ದಿರಿ. ಜೂನಿನಲ್ಲಿ ನಿವೃತ್ತಿ, ಅಷ್ಟರಲ್ಲಿ ಅದು ಕೈಗೆ ಬರಬೇಕು. ಈಗ ಬಂದು ಹೀಗೆ ಹೇಳುವವಳು ನಾನೇ ಆಗಬೇಕಿತ್ತೇ ಎಂದು ನನಗೂ ಅನಿಸಿತು. ಒಂದು ಮಾತು ಮಾತ್ರ ಹೇಳದೆ ಇರಲಾರೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ದಾಖಲೆ ಕೋಣೆಗಳ ಧೂಳು ಕುಡಿದಿರಿ, ನೀರು ಬಿಡುವ ಒಬ್ಬರನ್ನಾದರೂ ಕೂರಿಸಿಕೊಂಡು ಮಾತಾಡಿದ್ದಿರಾ?

ಭಾನುವಾರ ಬೆಳಿಗ್ಗೆ ತಿದ್ದುಪಡಿಯ ಕಂತು ಹಾಕುತ್ತೇನೆ. ಅದನ್ನು ಮುಂದೂಡುವುದಿಲ್ಲ, ಆ ತಾಯಿಗೆ ಮಾತು ಕೊಟ್ಟಿದ್ದೇನೆ. ನನ್ನ ಹೆಸರಿನಲ್ಲಿ ನನ್ನ ತಪ್ಪನ್ನಷ್ಟೇ ಹೇಳಿ ನಿಮ್ಮನ್ನು ಬಿಡಬಹುದು. ಆದರೆ ಶನಿವಾರ ಮೂರು ಗಂಟೆಗೆ ಗುಂಡಿಯ ಹತ್ತಿರ ಆಕೆಯ ಮಗ ಬರುತ್ತಾರೆ, ನಾನು ಧ್ವನಿಮುದ್ರಣದ ಸಾಮಾನು ತರುತ್ತೇನೆ. ನೀವೂ ಬನ್ನಿ. ನಿಮ್ಮ ಬಾಯಲ್ಲೇ ಬಂದರೆ ಅದಕ್ಕೊಂದು ತೂಕ. ಅಧ್ಯಾಯ ಹೊಸದಾಗಿ ಬರೆಯಲು ಒಂದು ತಿಂಗಳು ಸಾಕು. ಬೇಕಿದ್ದರೆ ಟೈಪ್ ಮಾಡಿಕೊಡುತ್ತೇನೆ. ಮನೆಗೆ ಬರುತ್ತೇನೆಂದು ಅರ್ಥವಲ್ಲ, ಟೈಪ್ ಮಾಡಿಕೊಡುತ್ತೇನೆ ಎಂದಷ್ಟೇ.

ಮಂಡಿ ಹೇಗಿದೆ? ಎಣ್ಣೆ ಹಚ್ಚುತ್ತಿದ್ದೀರಾ, ಸೀಸೆ ನೋಡುತ್ತಾ ಕೂತಿದ್ದೀರಾ?

ಇಂತಿ,
ನಿಮ್ಮ ಕರಡು ತಿದ್ದುತ್ತಿದ್ದವಳು

ತಾ.ಕ.: ಮೇಲೆ ನಿಮ್ಮನ್ನು ಕೇಳಿದ ಪ್ರಶ್ನೆಯನ್ನು ಹೊಡೆದುಹಾಕೋಣವೆಂದಿದ್ದೆ. ಬೇಡ, ಇರಲಿ. ಏಳು ವರ್ಷದ ಹಿಂದೆ ನೀವು ಪತ್ರಿಕೆಯಲ್ಲಿ ಆ ಹನ್ನೊಂದು ದಿನದ ಬಗ್ಗೆ ಬರೆದಿರಲ್ಲ, ಅದಾದ ವಾರವೇ ಮಧ್ಯಾಹ್ನ ಒಬ್ಬರು ಬಂದು ಬಾಗಿಲು ತಟ್ಟಿದ್ದರು. ಲೇಖನದಲ್ಲಿ ಏನೋ ತಪ್ಪಿದೆ, ಸರ್ ಹತ್ರ ಐದು ನಿಮಿಷ ಮಾತಾಡಬೇಕು ಎಂದರು. ಸರ್ ಬರೀತಿದ್ದಾರೆ, ಈಗ ಆಗಲ್ಲ ಎಂದೆ. ಮರುವಾರವೂ ಬಂದರು, ಮತ್ತೆ ಅದನ್ನೇ ಹೇಳಿದೆ. ನಿಮಗೆ ತಿಳಿಸಲಿಲ್ಲ. ನಿಮ್ಮ ಬರವಣಿಗೆ ಕೆಡದಂತೆ ನೋಡಿಕೊಳ್ಳುವುದೇ ನನ್ನ ಕೆಲಸವೆಂದುಕೊಂಡಿದ್ದೆ. ಗುಂಡಿಯ ಹತ್ತಿರ ನಾನು ಅವರ ಗುರುತು ಹಿಡಿಯಲಿಲ್ಲ. ಕೀಲಿ ವಾಪಸು ಕೊಡುವಾಗ ಅವರೇ ಕೇಳಿದರು: "ಆ ಮೂರನೇ ಮಹಡಿ ಮನೆ ಬಿಟ್ರಾ ಅಮ್ಮಾ? ಮೆಟ್ಟಿಲು ಜಾಸ್ತಿ ಇತ್ತು." ಬಿಟ್ಟೆ ಎಂದೆ. ಗುಂಡಿಯ ಮುಚ್ಚಳ ಭಾರ ಇದೆ, ಆ ಕಡೆ ಸ್ವಲ್ಪ ಹಿಡಿದುಕೊಳ್ಳಿ ಎಂದರು.