ಗಾಜಿನ ಹಿಂದಿನ ತೊಟ್ಟಿಲು

ಕ್ಲೂನ್‌ಮೋರ್, ಮೇಯೊ
ಅಕ್ಟೋಬರ್ 19, 1997

ಮುದ್ದು ಊನಾ,

ಬಸುರಿ ಮಗಳು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನಬಾರದು. ಆದರೂ ಅನ್ನುತ್ತಿದ್ದೇನೆ. ನಮ್ಮ ಹಳೆಯ ತೊಟ್ಟಿಲು ಡಬ್ಲಿನ್ನಿಗೆ ಬರುವುದಿಲ್ಲ. ಮಹಾಕ್ಷಾಮಕ್ಕೆ ನೂರೈವತ್ತು ವರ್ಷವಾಯಿತೆಂದು ಚರ್ಚಿನ ಪಕ್ಕ ತೆರೆದಿರುವ ಸ್ಮಾರಕದ ಕೋಣೆಗೆ ಕೊಟ್ಟುಬಿಟ್ಟೆ. ಕೊಡುವ ಹಾಗೆ ಮಾಡಿದವಳು ನಮ್ಮ ಮನೆಗೆಲಸದ ವಿನೀ ಟ್ಯಾನ್ಸಿ. ಬೈಯುವುದಿದ್ದರೆ ಅವಳನ್ನೇ ಬೈದುಕೋ.

ಪಾದ್ರಿಗಳು ಊರಿನ ಒಂದೊಂದೇ ಮನೆಗೆ ಬಂದು ಮಾಡುವ ಬಲಿಪೂಜೆಗೆ ಈ ಸಲ ನಮ್ಮ ಸರದಿ. ಗೋಡೆಗೆಲ್ಲ ಸುಣ್ಣ ಹೊಡೆಸಿದ್ದೆ. ಪೂಜೆ ಮುಗಿದ ಮೇಲೆ ಎಂದಿನಂತೆ ಪಾದ್ರಿಗಳಿಗೂ ದೊಡ್ಡ ಮನೆಯವರಿಗೂ ಪಡಸಾಲೆಯಲ್ಲಿ ತಿಂಡಿ, ಕೂಲಿಯವರಿಗೆ ಅಡುಗೆಮನೆಯಲ್ಲಿ. ಪಡಸಾಲೆಗೆ ಚಹಾ ತಂದ ವಿನೀ ಅಲ್ಲಿನ ಅಗ್ಗಿಷ್ಟಿಕೆಯ ಪಕ್ಕ ಉರುವಲು ತುಂಬಿಟ್ಟಿದ್ದ ತೊಟ್ಟಿಲ ಮುಂದೆ ನಿಂತೇಬಿಟ್ಟಳು. ಉರುವಲು ಸುರಿದು, ಅದನ್ನು ಬೋರಲು ಹಾಕಿದಳು.

"ಅಮ್ಮೋರೇ, ಇದು ನಮ್ಮ ಮುತ್ತಜ್ಜ ಮಾಡಿದ್ದು. ಈ ಕಚ್ಚು ಅವನ ಗುರುತು ಅಂತ ನಮ್ಮಮ್ಮ ಸಾಯೋವರೆಗೂ ಹೇಳ್ತಿದ್ಲು. ಹಸಿವಿನ ಕಾಲದಲ್ಲಿ ಮೆಕ್ಕೆಜೋಳದ ಹಿಟ್ಟಿಗೋಸ್ಕರ ನಿಮ್ಮ ಅಂಗಡಿಗೆ ಕೊಟ್ಟಿದ್ದಂತೆ. ನನ್ನ ಮಗಳಿಗೂ ತಿಂಗಳು ತುಂಬಿದೆ. ಕೂಸು ಸ್ವಲ್ಪ ದೊಡ್ಡದಾಗೋವರೆಗೆ ಕೊಡಿ ಸಾಕು, ವಾಪಸ್ ತಂದಿಡ್ತೀನಿ," ಅಂದಳು. ಪಾದ್ರಿಗಳು ಮೊಟ್ಟೆಯಿಂದ ತಲೆ ಎತ್ತಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. "ಹಿಟ್ಟು ತಿಂದು ಮುಗಿಸಿದ್ದಾಯ್ತಲ್ಲ ವಿನೀ, ಇನ್ನು ಗುರುತು ಯಾರಿಗೆ ಬೇಕು? ಮೀನಿನ ಪೆಟ್ಟಿಗೆಯಲ್ಲಿ ಹಾಕಿದ್ರೂ ನಿಮ್ಮ ಕೂಸು ಬೆಳೆಯುತ್ತೆ ಬಿಡು," ಅಂದೆ. ಎಲ್ಲರೂ ನಕ್ಕರು. ಅವಳು ಬಗ್ಗಿ ಉರುವಲನ್ನು ಮತ್ತೆ ತುಂಬಿಟ್ಟು, ಚಹಾ ಬಗ್ಗಿಸಿ ಹೋದಳು.

ಅವಳು ಇನ್ನೊಮ್ಮೆ ಕೇಳಬಾರದೆಂದೇ ಅಲ್ಲೇ ತೊಟ್ಟಿಲನ್ನು ಪಾದ್ರಿಗಳಿಗೆ ಒಪ್ಪಿಸಿದೆ. ಈಗ ಗಾಜಿನ ಹಿಂದೆ ಎಷ್ಟು ಚೆನ್ನಾಗಿ ಕಾಣುತ್ತದೆ ಗೊತ್ತೇ? ಕೆಳಗೆ ಫಲಕ: 'ಹಸಿವಿನ ವರ್ಷಗಳಲ್ಲಿ ಗಿಲ್ಡಿಯಾ ಮನೆತನ ತನ್ನ ಮಕ್ಕಳನ್ನು ತೂಗಿದ ತೊಟ್ಟಿಲು.' ಓದಿದವರು ಕಣ್ಣೊರೆಸಿಕೊಳ್ಳುತ್ತಾರೆ. ನಾನೂ ಒರೆಸಿಕೊಂಡೆ. ಕೋಣೆ ಗುಡಿಸಲು ಒಬ್ಬರು ಬೇಕಿತ್ತು, ವಿನೀ ಹೆಸರನ್ನು ನಾನೇ ಹೇಳಿದೆ. ಗಾಜನ್ನು ಚೆನ್ನಾಗಿ ಒರೆಸುತ್ತಾಳೆ.

ನಿನಗೆ ಪೇಟೆಯಿಂದ ಹೊಸದನ್ನೇ ಕಳಿಸುತ್ತೇನೆ. ಮುನಿಸಿಕೊಳ್ಳಬೇಡ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಮ್ಮ,
ಡಿಂಪ್ನಾ ಗಿಲ್ಡಿಯಾ

ಮರೆತ ಮಾತು: ನಿನ್ನನ್ನಾಗಲಿ ನಿನ್ನ ಅಣ್ಣನನ್ನಾಗಲಿ ನಾನು ಅದರಲ್ಲಿ ಒಂದು ದಿನವೂ ಮಲಗಿಸಿದವಳಲ್ಲ. ನಾನು ಮದುವೆಯಾಗಿ ಬಂದಾಗಲೇ ನಿನ್ನ ಅಜ್ಜಿ ಹೇಳಿದ್ದರು. ಹಸಿವಿನ ಕಾಲದ ಆ ಟ್ಯಾನ್ಸಿ ಹೆಂಗಸು ಅದನ್ನು ಅಂಗಡಿಗೆ ಹೊತ್ತು ತಂದಾಗ ಒಳಗೆ ಕೂಸಿತ್ತಂತೆ, ಇನ್ನೂ ಉಸಿರಾಡುತ್ತಿತ್ತಂತೆ. ಆ ಕೂಸನ್ನು ತೊಟ್ಟಿಲಿನಿಂದ ನೆಲಕ್ಕಿಳಿಸಿದ ಮೇಲೆಯೇ ನಮ್ಮವರು ಹಿಟ್ಟು ಅಳೆದದ್ದು.